ಕಸ ಹೀರುವ ಯಂತ್ರವೂ ರಾತ್ರಿಯ ಉಸಿರೂ



ರಾತ್ರಿ ಮೂಗಿಗೆ ಮುಖವಾಡ ಕಟ್ಟಿಕೊಂಡು, ಗಾಳಿ ಊದುವ ಪುಟ್ಟ ಯಂತ್ರವೊಂದನ್ನು ಪಕ್ಕದಲ್ಲಿರಿಸಿಕೊಂಡು ಮಲಗಬೇಕಾದವರ ಸಂಖ್ಯೆ ನಮ್ಮ ಬಳಗದಲ್ಲೇ ಈಗ ನಾಲ್ಕಕ್ಕೇರಿದೆ. ಅವರಲ್ಲಿ ನಾನೂ ಒಬ್ಬ. ಉಳಿದ ಮೂವರಲ್ಲಿ ಒಬ್ಬರು ಯಂತ್ರವನ್ನು ತಪ್ಪದೆ ಬಳಸುತ್ತಾರೆ. ಇನ್ನಿಬ್ಬರ ಯಂತ್ರಗಳು ಬೀರುವಿನಲ್ಲಿ, ಮದುವೆಯ ರೇಷ್ಮೆ ಸೀರೆಗಳ ಕೆಳಗೆ ಭದ್ರವಾಗಿವೆ! ಕಾರಣ ಕೇಳಿದರೆ, "ಮನೆಗೆ ಬಂದವರು ನೋಡಿದರೆ ಏನೆಂದುಕೊಂಡಾರು?" ಎಂಬ ಉತ್ತರ. ಉಬ್ಬಸದ ಪಂಪನ್ನು ಸೆರಗಿನ ಮರೆಯಲ್ಲಿ ಹೀರುವ ಹೆಣ್ಣುಮಕ್ಕಳನ್ನೂ ಅದನ್ನು ಪುಸ್ತಕದ ಚೀಲದ ತಳದಲ್ಲಿ ಅಡಗಿಸಿಡುವ ಹುಡುಗರನ್ನೂ ನನ್ನ ಅಧ್ಯಾಪನದ ದಿನಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ಕನ್ನಡಕ ಹಾಕಿಕೊಳ್ಳಲು ಯಾರೂ ನಾಚುವುದಿಲ್ಲ. ಉಸಿರಿಗೆ ನೆರವು ಪಡೆಯಲು ಮಾತ್ರ ನಾಚಿಕೆ. ಈ ಯಂತ್ರ ಎಲ್ಲಿಂದ ಬಂತು, ಇದಕ್ಕೆ ಮೊದಲು ಜನ ರಾತ್ರಿಗಳನ್ನು ಹೇಗೆ ಕಳೆದರು ಎಂಬ ಚರಿತ್ರೆಯನ್ನು ಬಲ್ಲವರಿಗೆ ಆ ನಾಚಿಕೆ ಕೊಂಚ ಕಡಿಮೆಯಾದೀತೇನೋ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಬೇಕು. ನಮ್ಮ ಜನ ಎಲ್ಲವನ್ನೂ "ಉಸಿರಿನ ಮೆಷಿನ್" ಎಂದುಬಿಡುತ್ತಾರೆ. ಉಬ್ಬಸ, ಅಂದರೆ ಆಸ್ತಮಾ, ಶ್ವಾಸಕೋಶದೊಳಗಿನ ಸಣ್ಣ ಗಾಳಿನಾಳಗಳು ಊದಿಕೊಂಡು ಸಂಕುಚಿತವಾಗುವ ಕಾಯಿಲೆ. ಅದಕ್ಕೆ ಔಷಧಿಯನ್ನು ಮಂಜಿನಂತೆ ಮಾಡಿ ಒಳಗೆ ಕಳಿಸುವ ಯಂತ್ರ ನೆಬ್ಯುಲೈಸರ್. ಸ್ಲೀಪ್ ಅಪ್ನಿಯಾ ಎಂಬುದು ಬೇರೆಯೇ ಕಾಯಿಲೆ. ಅದರ ಬಹುಸಾಮಾನ್ಯ ರೂಪದಲ್ಲಿ, ನಿದ್ರೆ ಬಂದೊಡನೆ ಗಂಟಲಿನ ಸ್ನಾಯುಗಳು ಸಡಿಲಗೊಂಡು ಗಾಳಿಯ ದಾರಿ ಮೇಲ್ಗಡೆಯೇ ಮುಚ್ಚಿಹೋಗುತ್ತದೆ. ಅದಕ್ಕಾಗಿ ರಾತ್ರಿಯಿಡೀ ಒತ್ತಡದ ಗಾಳಿ ಊದುವ ಯಂತ್ರ ಸಿಪ್ಯಾಪ್. ಒಂದರ ಮದ್ದು ಇನ್ನೊಂದಕ್ಕೆ ಆಗದು. ಆದರೆ ಎರಡೂ ಒಬ್ಬರಲ್ಲೇ ಇರುವುದು ಅಪರೂಪವಲ್ಲ (ನನ್ನ ಸ್ಥಿತಿ ಇದೇ). ಎರಡೂ ರಾತ್ರಿಯ ಶತ್ರುಗಳು.

ಉಬ್ಬಸ ರಾತ್ರಿ ಹೆಚ್ಚುವುದೆಂಬುದು ಹೊಸ ಶೋಧವೇನಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಐದು ಬಗೆಯ ಶ್ವಾಸರೋಗಗಳನ್ನು ಹೇಳಿದೆ: ಮಹಾಶ್ವಾಸ, ಊರ್ಧ್ವಶ್ವಾಸ, ಛಿನ್ನಶ್ವಾಸ, ತಮಕಶ್ವಾಸ ಮತ್ತು ಕ್ಷುದ್ರಶ್ವಾಸ. ಇವುಗಳಲ್ಲಿ ತಮಕಶ್ವಾಸದ ವರ್ಣನೆಯನ್ನು ಓದಿದರೆ, ಬರೆದವರು ಉಬ್ಬಸದ ರೋಗಿಯ ಪಕ್ಕದಲ್ಲಿ ರಾತ್ರಿ ಕುಳಿತಿದ್ದವರೇ ಇರಬೇಕೆನ್ನಿಸುತ್ತದೆ. ಮಲಗಿದರೆ ಸಂಕಟ ಹೆಚ್ಚು, ಎದ್ದು ಕುಳಿತರೆ ನೆಮ್ಮದಿ, ಬಿಸಿಯಾದುದು ಹಿತ, ಮೋಡ, ಶೀತ, ಮೂಡಣ ಗಾಳಿಗೆ ಉಲ್ಬಣ. ಇಷ್ಟೂ ಅಲ್ಲಿದೆ. ಗ್ರೀಕರಲ್ಲಿ 'ಆಸ್ತಮಾ' ಎಂಬ ಪದಕ್ಕೆ ಏದುಸಿರು ಎಂದೇ ಅರ್ಥ. ಇಂಗ್ಲೆಂಡಿನ ಜಾನ್ ಫ್ಲಾಯರ್ ಎಂಬ ವೈದ್ಯ 1698ರಲ್ಲಿ ಉಬ್ಬಸದ ಮೇಲೆಯೇ ಒಂದು ಗ್ರಂಥ ಬರೆದ. ಆತ ಸ್ವತಃ ರೋಗಿ. ರಾತ್ರಿಯ ನಿದ್ರೆಯಿಂದ ಎಬ್ಬಿಸುವ ದಾಳಿಗಳನ್ನು ಆತ ತನ್ನ ಅನುಭವದಿಂದಲೇ ಬಲ್ಲ. 1988ರಲ್ಲಿ ಬ್ರಿಟನ್ನಿನಲ್ಲಿ ಟರ್ನರ್-ವಾರ್ವಿಕ್ ಎಂಬ ತಜ್ಞೆ 7,729 ಮಂದಿ ರೋಗಿಗಳ ಸಮೀಕ್ಷೆಯನ್ನು ಪ್ರಕಟಿಸಿದರು. ಅವರಲ್ಲಿ ಶೇ. 74ರಷ್ಟು ಮಂದಿ ವಾರಕ್ಕೆ ಒಂದು ರಾತ್ರಿಯಾದರೂ ಉಬ್ಬಸದಿಂದ ಎಚ್ಚರಗೊಳ್ಳುತ್ತಿದ್ದರು. ನಸುಕಿನ ನಾಲ್ಕು ಗಂಟೆಯ ಸುಮಾರಿಗೆ ಗಾಳಿನಾಳಗಳು ಅತ್ಯಂತ ಕಿರಿದಾಗಿರುತ್ತವೆ. ಊತವನ್ನು ತಗ್ಗಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು ರಾತ್ರಿ ಇಳಿಮುಖವಾಗಿರುವುದೂ ಇದಕ್ಕೊಂದು ಕಾರಣ. ಕೋಳಿ ಕೂಗುವ ಹೊತ್ತಿಗೆ ದಿಂಬುಗಳನ್ನು ಒಟ್ಟಿಕೊಂಡು ಗೋಡೆಗೊರಗಿ ಕುಳಿತಿರುತ್ತಿದ್ದ ನಮ್ಮ ಹಿರಿಯರು ಇದೊಂದನ್ನೂ ಓದಿದವರಲ್ಲ. ಆದರೂ ಸರಿಯಾದುದನ್ನೇ ಮಾಡುತ್ತಿದ್ದರು.

ಮದ್ದುಗಳ ಕಥೆಯಲ್ಲಿ ನಮ್ಮ ನೆಲದಿಂದ ಹೋದದ್ದೂ ಉಂಟು. ದತ್ತೂರಿಯ ಬೇರನ್ನೋ ಎಲೆಯನ್ನೋ ಒಣಗಿಸಿ ಅದರ ಹೊಗೆ ಸೇದುವ ಪದ್ಧತಿ ದಕ್ಷಿಣ ಭಾರತದಲ್ಲಿ ರೂಢಿಯಲ್ಲಿತ್ತು. ಮದರಾಸಿನ ಸ್ಕಾಟಿಷ್ ವೈದ್ಯ ಜೇಮ್ಸ್ ಆಂಡರ್ಸನ್ ಇದನ್ನು ಗಮನಿಸಿದ್ದ. ಅವನಿಂದ ತಿಳಿದುಕೊಂಡ ಜೆಂಟ್ ಎಂಬ ಸೇನಾಧಿಕಾರಿ 1802ರಲ್ಲಿ ಅದನ್ನು ಬ್ರಿಟನ್ನಿಗೆ ಒಯ್ದ. ಮುಂದೆ ನೂರಿಪ್ಪತ್ತು, ನೂರೈವತ್ತು ವರ್ಷ ಯುರೋಪಿನ ಔಷಧಾಲಯಗಳಲ್ಲಿ 'ಆಸ್ತಮಾ ಸಿಗರೇಟು' ಮಾರಾಟವಾಯಿತು! ಫ್ರಾನ್ಸಿನ ಖ್ಯಾತ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ ಇಂಥ ಹೊಗೆಗಳನ್ನು ನಂಬಿ, ಪ್ಯಾರಿಸಿನ ತನ್ನ ಮಲಗುವ ಕೋಣೆಯ ಗೋಡೆಗಳಿಗೆ ಬಿರಟೆ ಹಲಗೆ ಹೊದಿಸಿಕೊಂಡು, ಹಗಲು ನಿದ್ರಿಸಿ ರಾತ್ರಿ ಬರೆಯುತ್ತಿದ್ದ. ದತ್ತೂರಿ ವಿಷಸಸ್ಯ, ಯಾರೂ ಇದನ್ನೋದಿ ಪ್ರಯೋಗಕ್ಕೆ ಇಳಿಯಬಾರದು. ಆದರೆ ಅದರಲ್ಲಿನ ರಾಸಾಯನಿಕಗಳಿಗೆ ನಾಳಗಳನ್ನು ಸಡಿಲಿಸುವ ಗುಣ ನಿಜವಾಗಿಯೂ ಇದೆ. ಇಂದಿನ ಕೆಲವು ಇನ್‌ಹೇಲರ್ ಔಷಧಿಗಳು ಅದೇ ವಂಶದವು. ಹೆನ್ರಿ ಹೈಡ್ ಸಾಲ್ಟರ್ ಎಂಬ ಇನ್ನೊಬ್ಬ ಆಂಗ್ಲ ವೈದ್ಯ (ಈತನೂ ಉಬ್ಬಸದ ರೋಗಿಯೇ) 1860ರ ತನ್ನ ಪುಸ್ತಕದಲ್ಲಿ ಗಟ್ಟಿ ಕಾಫಿಯನ್ನು ಶಿಫಾರಸು ಮಾಡಿದ್ದಾನೆ. ಕಾಫಿಯ ಕೆಫೀನೂ, ಬಹುಕಾಲ ಉಬ್ಬಸಕ್ಕೆ ಕೊಡುತ್ತಿದ್ದ ಥಿಯೋಫಿಲಿನ್ ಮಾತ್ರೆಯೂ ಅಣ್ಣತಮ್ಮಂದಿರಿದ್ದಂತೆ. ಚಿಕ್ಕಮಗಳೂರಿನ ನಮ್ಮ ನೆಂಟರು ಇದನ್ನು ಓದಿ ಹಿಗ್ಗಬಹುದು, ಮೂರನೆಯ ಲೋಟಕ್ಕೆ ನೆಪ ಮಾಡಿಕೊಳ್ಳಬಾರದು.

ಈಗ ಯಂತ್ರದ ವಿಷಯಕ್ಕೆ ಬರೋಣ. ಈ ಕಥೆಯ ಮೊದಲ ವ್ಯಕ್ತಿ ವೈದ್ಯನಲ್ಲ, ವಿಜ್ಞಾನಿಯೂ ಅಲ್ಲ, ಕಸ ಗುಡಿಸುವವನು. ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಪಟ್ಟಣದ ದೊಡ್ಡ ಅಂಗಡಿಯೊಂದರಲ್ಲಿ ಜೇಮ್ಸ್ ಮರ್ರಿ ಸ್ಪ್ಯಾಂಗ್ಲರ್ ಎಂಬವನು ಜಾಡಮಾಲಿಯಾಗಿದ್ದ. ವಯಸ್ಸು ಐವತ್ತೊಂಬತ್ತರ ಹತ್ತಿರ, ಮೇಲಾಗಿ ಉಬ್ಬಸ. ರತ್ನಗಂಬಳಿ ಗುಡಿಸಿದಾಗ ಏಳುವ ಧೂಳು ಅವನಿಗೆ ಯಮಯಾತನೆ. ಕೆಲಸ ಬಿಡುವಂತಿಲ್ಲ, ಮಾಡುವಂತಿಲ್ಲ. 1907ರಲ್ಲಿ ಅವನು ವಿದ್ಯುತ್ ಫ್ಯಾನಿನ ಮೋಟಾರೊಂದನ್ನು ತೆಗೆದುಕೊಂಡು, ಪೊರಕೆಯ ಹಿಡಿಗೆ ಜೋಡಿಸಿ, ಧೂಳು ಸೇರಲು ದಿಂಬಿನ ಚೀಲವನ್ನು ಕಟ್ಟಿದ. ಧೂಳು ಮೇಲೇಳುವ ಬದಲು ಚೀಲದೊಳಗೆ ಹೋಯಿತು. ಕೈಯಲ್ಲಿ ಹಿಡಿದು ನಡೆಸಬಹುದಾದ ವಿದ್ಯುತ್ ವ್ಯಾಕ್ಯೂಮ್ ಕ್ಲೀನರ್ ಹೀಗೆ ರೂಪುಗೊಂಡಿತು. (ಕುದುರೆಗಾಡಿಯ ಮೇಲೆ ಎಳೆದು ತರುವಂಥ ಭಾರಿ ಯಂತ್ರಗಳು ಲಂಡನ್ನಿನಲ್ಲಿ ಮೊದಲೇ ಇದ್ದವು, ಬಡ ಜಾಡಮಾಲಿಗೆ ಅವು ಯಾವ ಪ್ರಯೋಜನ?) 1908ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು. ಆ ಹಕ್ಕನ್ನು ಕೊಂಡವರು ಚರ್ಮದ ಸಾಮಾನುಗಳ ವ್ಯಾಪಾರಿ ಹೂವರ್. ಮುಂದೆ ಆ ಹೆಸರು ಮನೆಮಾತಾಯಿತು. ಸ್ಪ್ಯಾಂಗ್ಲರ್ 1915ರಲ್ಲಿ ತೀರಿಕೊಂಡ. ಅವನ ಹೆಸರು ಇಂದು ಯಾರಿಗೆ ಗೊತ್ತು? ಪಠ್ಯಪುಸ್ತಕಗಳಲ್ಲಿ ವ್ಯಾಟ್, ಎಡಿಸನ್ ಇರುತ್ತಾರೆ. ಗುಡಿಸುವವನಿಗೆ ಅಲ್ಲಿ ಜಾಗವಿಲ್ಲ.

ಉಬ್ಬಸದವನು ಮಾಡಿದ ಆ ಯಂತ್ರ ಇಪ್ಪತ್ತು ವರ್ಷಗಳ ನಂತರ ಉಸಿರಿನ ಸೇವೆಗೆ ಬಂತು. 1928ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಅಗಾಸಿ ಶಾ ಎಂಬವರು, ಪೋಲಿಯೊದಿಂದ ಎದೆಯ ಸ್ನಾಯುಗಳು ನಿಷ್ಕ್ರಿಯವಾದವರಿಗೆ 'ಕಬ್ಬಿಣದ ಶ್ವಾಸಕೋಶ'ವನ್ನು ರಚಿಸಿದರು. ರೋಗಿಯ ತಲೆ ಮಾತ್ರ ಹೊರಗಿರುವಂತೆ ದೇಹವನ್ನು ಲೋಹದ ಪೆಟ್ಟಿಗೆಯಲ್ಲಿರಿಸಿ, ಒಳಗಿನ ಗಾಳಿಯ ಒತ್ತಡವನ್ನು ಏರಿಳಿಸಿದರೆ ಎದೆ ತಾನಾಗಿ ಹಿಗ್ಗಿ ಕುಗ್ಗುತ್ತದೆ. ಒತ್ತಡ ಏರಿಳಿಸಲು ಬಳಸಿದ್ದು ವ್ಯಾಕ್ಯೂಮ್ ಕ್ಲೀನರುಗಳ ಪಂಪುಗಳನ್ನು! ಅದೇ ವರ್ಷ ಅಕ್ಟೋಬರಿನಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಎಂಟು ವರ್ಷದ ಬಾಲಕಿಯೊಬ್ಬಳನ್ನು ಅದರಲ್ಲಿರಿಸಿದಾಗ, ಪ್ರಜ್ಞೆ ತಪ್ಪಿದ್ದ ಮಗು ಕೆಲವೇ ನಿಮಿಷಗಳಲ್ಲಿ ಚೇತರಿಸಿಕೊಂಡಿತು. ಕೆಲವು ದಿನಗಳ ನಂತರ ಆಕೆ ನ್ಯುಮೋನಿಯಾದಿಂದ ತೀರಿಕೊಂಡಳು. ಆದರೆ ಯಂತ್ರವೊಂದು ಮನುಷ್ಯನ ಉಸಿರನ್ನು ರಾತ್ರಿ ಹಗಲು ಕಾಯಬಲ್ಲದೆಂಬುದು ಸಿದ್ಧವಾಯಿತು.

1936ರಲ್ಲಿ ಲಂಡನ್ನಿನ ವೈದ್ಯ ಪೋಲ್ಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೃದಯ ದುರ್ಬಲವಾಗಿ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು, ನಡುರಾತ್ರಿ ಏದುಸಿರಿನಿಂದ ಎದ್ದು ಕೂರುವ ರೋಗಿಗಳಿರುತ್ತಾರೆ. ಇದನ್ನು 'ಹೃದಯದ ಉಬ್ಬಸ' ಎನ್ನುವುದುಂಟು. ಪೋಲ್ಟನ್ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಹೊರಬರುವ ತುದಿಗೆ ಕೊಳವೆ ಜೋಡಿಸಿ, ಮುಖವಾಡದ ಮೂಲಕ ಅಂಥವರಿಗೆ ಒತ್ತಡದ ಗಾಳಿ ಊದಿದರು. ಮೊದಲು ಸ್ವಲ್ಪ ಹೊತ್ತು ಯಂತ್ರವನ್ನು ಬರಿದೇ ಓಡಿಸಿ ಧೂಳು ಹೊರಹಾಕಿರಬೇಕೆಂಬುದು ನನ್ನ ಊಹೆ! ಅದೇ ದಶಕದಲ್ಲಿ ನ್ಯೂಯಾರ್ಕಿನ ಆಲ್ವನ್ ಬರಾಕ್ ಕೂಡ ಇಂಥ ಪ್ರಯೋಗಗಳನ್ನು ಮಾಡಿದರು. ಆದರೆ ಈ ವಿಧಾನ ಆಗ ಬೇರೂರಲಿಲ್ಲ. ವೈದ್ಯಲೋಕ ಅದನ್ನು ಮರೆತೇಬಿಟ್ಟಿತೆನ್ನಬೇಕು.

ಯಂತ್ರವೇ ಇಲ್ಲದಿದ್ದಾಗ ಮನುಷ್ಯರೇ ಯಂತ್ರವಾದ ಒಂದು ಪ್ರಸಂಗವನ್ನು ಇಲ್ಲಿ ಬಿಡಲಾರೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಮಾರಿ ಹಬ್ಬಿತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿದ್ದುದು ಒಂದು ಕಬ್ಬಿಣದ ಶ್ವಾಸಕೋಶ, ಎದೆಗೆ ಕಟ್ಟುವ ಆರು ಚಿಕ್ಕ ಯಂತ್ರಗಳು. ಆರಂಭದಲ್ಲಿ ಅವುಗಳಲ್ಲಿರಿಸಿದ 31 ರೋಗಿಗಳಲ್ಲಿ 27 ಮಂದಿ ಸತ್ತರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಕೊರಳಿನಲ್ಲಿ ರಂಧ್ರ ಮಾಡಿ, ನಾಳ ತೂರಿಸಿ, ರಬ್ಬರ್ ಚೀಲವನ್ನು ಕೈಯಿಂದ ಹಿಸುಕುತ್ತಾ ಗಾಳಿ ಊದಿದರು. ಹುಡುಗಿ ಉಳಿದಳು. ಹಾಗಾದರೆ ಉಳಿದ ರೋಗಿಗಳಿಗೆ ಚೀಲ ಹಿಸುಕುವವರಾರು? ವೈದ್ಯಕೀಯ ವಿದ್ಯಾರ್ಥಿಗಳನ್ನು ಕರೆದರು. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ತಿಂಗಳುಗಟ್ಟಲೆ ರೋಗಿಗಳ ಹಾಸಿಗೆಯ ಪಕ್ಕದಲ್ಲಿ ಕುಳಿತು, ಹಗಲೂ ರಾತ್ರಿಯೂ, ಒಂದೊಂದು ಉಸಿರನ್ನೂ ಕೈಯಾರೆ ಊದಿದರು. ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಿತು. ಇಂದಿನ ತೀವ್ರನಿಗಾ ಘಟಕಗಳಿಗೆ ಅದೇ ಮೂಲ. ಇಪ್ಪತ್ತು ವರ್ಷದ ಹುಡುಗರು! ಒಬ್ಬನಿಗೆ ತೂಕಡಿಕೆ ಬಂದರೆ ಇನ್ನೊಂದು ಜೀವ ಹೋದಂತೆ. ವಿದ್ಯಾರ್ಥಿಗಳನ್ನು ಕಂಡರೆ ನನಗಿರುವ ಗೌರವಕ್ಕೆ ಇಂಥ ಸಂಗತಿಗಳೂ ಕಾರಣ.

ಇನ್‌ಹೇಲರಿನ ಚರಿತ್ರೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಮೆರಿಕದ ಔಷಧ ಕಂಪನಿಯೊಂದರ ಮುಖ್ಯಸ್ಥ ಜಾರ್ಜ್ ಮೇಸನ್ ಅವರಿಗೆ ಉಬ್ಬಸದ ಮಗಳಿದ್ದಳು. ಗಾಜಿನ ಬುರುಡೆಯ ಉಪಕರಣವನ್ನು ಹಿಸುಕಿ ಹಿಸುಕಿ ಬೇಸತ್ತ ಹದಿಮೂರರ ಹುಡುಗಿ, "ಕೂದಲಿಗೆ ಹಾಕುವ ಸ್ಪ್ರೇಯಂತೆ ನನ್ನ ಔಷಧಿಯನ್ನೂ ಡಬ್ಬಿಯಲ್ಲಿ ತುಂಬಬಾರದೇಕೆ?" ಎಂದು ಕೇಳಿದಳಂತೆ. 1956ರಲ್ಲಿ ಮೊದಲ ಒತ್ತುಡಬ್ಬಿ ಮಾರುಕಟ್ಟೆಗೆ ಬಂತು. 1960ರ ದಶಕದಲ್ಲಿ ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ಉಬ್ಬಸದ ಸಾವುಗಳು ಏರಿದವು. ಅತಿ ತೀಕ್ಷ್ಣವಾದ ಸ್ಪ್ರೇಗಳ ಮೇಲೆ ಅನುಮಾನ ಬಂದು ದೊಡ್ಡ ಚರ್ಚೆ ನಡೆಯಿತು. 1969ರಲ್ಲಿ ಸಾಲ್ಬುಟಮಾಲ್, 1972ರಲ್ಲಿ ಹೀರುವ ಸ್ಟೀರಾಯ್ಡ್ ಬಂದವು. ಮೊದಲನೆಯದು ತತ್ಕಾಲದ ಪರಿಹಾರ. ಎರಡನೆಯದು ಊತವನ್ನೇ ತಗ್ಗಿಸುವಂಥದು. ನಮ್ಮವರು ಮೊದಲನೆಯದನ್ನು ಮಾತ್ರ ಪ್ರೀತಿಸುತ್ತಾರೆ. ಎರಡನೆಯದನ್ನು "ಸ್ಟೀರಾಯ್ಡ್, ಚಟವಾಗುತ್ತದೆ" ಎಂದು ದೂರವಿಡುತ್ತಾರೆ. ಬರೀ ತತ್ಕಾಲದ ಪಂಪನ್ನೇ ನೆಚ್ಚಿಕೊಳ್ಳುವುದು ಸುರಕ್ಷಿತವಲ್ಲವೆಂದು ಉಬ್ಬಸದ ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಿಂದ ಸ್ಪಷ್ಟವಾಗಿ ಹೇಳುತ್ತಿದೆ. ಮೃಗಶಿರ ಮಳೆಯ ಆರಂಭಕ್ಕೆ ಹೈದರಾಬಾದಿಗೆ ಹೋಗಿ ಜೀವಂತ ಮರಿಮೀನು ನುಂಗಿ ಬರುವ ಬೀದರ್, ರಾಯಚೂರು ಕಡೆಯ ಗೆಳೆಯರಿಗೂ ಒಂದು ಮಾತು: ಅವರ ನಂಬಿಕೆಯನ್ನು ನಾನು ಹಂಗಿಸುವುದಿಲ್ಲ, ಆದರೆ ಮೀನು ನುಂಗಿದೆವೆಂದು ಪಂಪನ್ನು ಬಿಸಾಡಬೇಡಿ.

ಇನ್ನು ಗೊರಕೆ. ನಮ್ಮಲ್ಲಿ ಗೊರಕೆ ಹೊಡೆಯುವವನು ಸುಖನಿದ್ರೆಯ ಪುಣ್ಯವಂತ, ಇಲ್ಲವೇ ಕುಂಭಕರ್ಣ. ಒಟ್ಟಿನಲ್ಲಿ ನಗೆಯ ವಸ್ತು. ಇಂಗ್ಲೆಂಡಿನಲ್ಲೂ ಹಾಗೆಯೇ. ಚಾರ್ಲ್ಸ್ ಡಿಕನ್ಸ್ 1836-37ರಲ್ಲಿ ಬರೆದ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಲ್ಲಿ ಜೋ ಎಂಬ ದಡೂತಿ ಹುಡುಗನಿದ್ದಾನೆ. ನಿಂತಲ್ಲೇ ನಿದ್ರೆ ಹೋಗುವವನು. 1956ರಲ್ಲಿ ಬರ್ವೆಲ್ ಮತ್ತು ಸಂಗಡಿಗರು ಇಂಥದೇ ರೋಗಿಯೊಬ್ಬನನ್ನು ವರ್ಣಿಸಿ, ಕಾಯಿಲೆಗೆ ಆ ಕಾದಂಬರಿಯ ಹೆಸರನ್ನೇ ಇಟ್ಟರು. ಆತ ಇಸ್ಪೀಟಾಟದಲ್ಲಿ ಮೂರು ಎಕ್ಕ, ಎರಡು ರಾಜ ಕೈಯಲ್ಲಿದ್ದಾಗಲೇ ನಿದ್ರೆಗೆ ಜಾರಿ ಗೆಲ್ಲುವ ಆಟವನ್ನು ಕಳೆದುಕೊಂಡವನು! ಆದರೆ ನಿಜವಾದ ಕಾರಣ ತಿಳಿದದ್ದು 1965ರಲ್ಲಿ. ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು ನಿದ್ರಿಸುತ್ತಿರುವವರ ಉಸಿರನ್ನು ರಾತ್ರಿಯಿಡೀ ದಾಖಲಿಸಿದರು. ಉಸಿರು ಮತ್ತೆ ಮತ್ತೆ ನಿಲ್ಲುತ್ತಿತ್ತು. ಪ್ರತಿಸಲವೂ ಮೆದುಳು ಬೆಚ್ಚಿ ಎಚ್ಚರಗೊಂಡು ಉಸಿರನ್ನು ಎಳೆದುಕೊಳ್ಳುತ್ತಿತ್ತು. ಮಲಗಿದವನು ನಿದ್ರಿಸುತ್ತಲೇ ಇರಲಿಲ್ಲ. ನಾವು ನಗುತ್ತಿದ್ದುದು ಉಸಿರುಗಟ್ಟುತ್ತಿದ್ದ ಮನುಷ್ಯನನ್ನು ಕಂಡು.

ಆಗಿದ್ದ ಪ್ರಬಲ ಚಿಕಿತ್ಸೆ ಒಂದೇ: ಕೊರಳಿನಲ್ಲಿ ಶಾಶ್ವತ ರಂಧ್ರ. ಹಗಲು ಮುಚ್ಚುವುದು, ರಾತ್ರಿ ತೆರೆಯುವುದು. 1980ರ ಜೂನ್ ತಿಂಗಳಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಒಬ್ಬ ರೋಗಿ ಇದನ್ನು ಒಲ್ಲೆನೆಂದ. ಅವನ ವೈದ್ಯರು ಕಾಲಿನ್ ಸಲ್ಲಿವನ್. ಅವರು ಹಿಂದೆ ಕೆನಡಾದ ಟೊರಾಂಟೊದಲ್ಲಿ ಎಲಿಯಟ್ ಫಿಲಿಪ್ಸನ್ ಅವರೊಡನೆ ನಿದ್ರಿಸುವ ನಾಯಿಗಳ ಉಸಿರಾಟವನ್ನು ಅಭ್ಯಸಿಸಿದ್ದವರು. ಮೂಗಿನ ಮೂಲಕ ಸ್ವಲ್ಪ ಒತ್ತಡದಲ್ಲಿ ಗಾಳಿ ಊದುತ್ತಲೇ ಇದ್ದರೆ ಗಂಟಲು ಕುಸಿಯಲಾರದಲ್ಲವೇ ಎಂಬುದು ಅವರ ಯೋಚನೆ. ಊದಲು ಏನಿದೆ? ಮತ್ತೆ ವ್ಯಾಕ್ಯೂಮ್ ಕ್ಲೀನರಿನ ಮೋಟಾರೇ! ಹೀರುವ ಬದಲು ಊದುವಂತೆ ತಿರುಗಿಸಿ, ವೇಗ ಹೊಂದಿಸಿ, ಕೊಳವೆ ಜೋಡಿಸಿದರು. ಕಟ್ಟಡದ ಕೂಲಿಯಾಗಿದ್ದ ಆ ರೋಗಿ ಒಂದು ರಾತ್ರಿಯ ಮಟ್ಟಿಗೆ ಒಪ್ಪಿದ. ಗೊರಕೆ ನಿಂತಿತು, ಉಸಿರು ಸರಾಗವಾಯಿತು, ವರ್ಷಗಳಿಂದ ಕಾಣದ ಗಾಢನಿದ್ರೆಗೆ ಅವನು ಇಳಿದ. ಬೆಳಿಗ್ಗೆ ಎಚ್ಚರವಾದಾಗ ಅವನು ಬೇರೆಯೇ ಮನುಷ್ಯ. 1981ರ ಏಪ್ರಿಲಿನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಐವರು ರೋಗಿಗಳ ವಿವರ ಪ್ರಕಟವಾಯಿತು. ಬೇಕಾದ ಒತ್ತಡ ಬರೀ 4.5ರಿಂದ 10 ಸೆಂಟಿಮೀಟರ್ ನೀರಿನಷ್ಟು.

ಇದೆಷ್ಟೆಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ನೀವೆಲ್ಲ ಚಿಕ್ಕಂದಿನಲ್ಲಿ ಪಪ್ಪಾಯಿ ಎಲೆಯ ಟೊಳ್ಳು ದಂಟನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಗುಳುಗುಳು ಊದಿದವರೇ ತಾನೇ? ದಂಟಿನ ತುದಿ ನೀರಿನೊಳಗೆ ಒಂದು ಗೇಣಿಗಿಂತ ಕಡಿಮೆ, ಹತ್ತು ಸೆಂಟಿಮೀಟರ್ ಆಳದಲ್ಲಿರುವಾಗ ಗುಳ್ಳೆ ಏಳಿಸಲು ಎಷ್ಟು ಒತ್ತಡ ಬೇಕೋ ಅಷ್ಟೇ. ಮಕ್ಕಳು ಆಟಕ್ಕೆ ಊದುವಷ್ಟು ಗಾಳಿ, ಗಂಟಲಿಗೆ ಒಳಗಿನಿಂದ ಊರುಗೋಲಾಗಿ ನಿಲ್ಲುತ್ತದೆ.

ಮೊದಲ ಮುಖವಾಡಗಳು ಇಂದಿನಂತಿರಲಿಲ್ಲ. ಪ್ರತಿಯೊಬ್ಬನ ಮೂಗಿನ ಅಚ್ಚು ತೆಗೆದು ಮುಖವಾಡ ಮಾಡಿ, ಗಾಳಿ ಸೋರದಂತೆ ರಾತ್ರಿ ಅಂಟು ಹಾಕಿ ಮೂಗಿಗೆ ಅಂಟಿಸಬೇಕಿತ್ತು. ಮೋಟಾರಿನ ಸದ್ದೋ, ಗಿರಣಿಯದು. ಆದರೂ ಆ ಜನ ಪ್ರತಿರಾತ್ರಿ ಅಂಟಿಸಿಕೊಂಡು, ಪ್ರತಿ ಬೆಳಿಗ್ಗೆ ಕಿತ್ತು, ಕೆಲಸಕ್ಕೆ ಹೋದರು; ವರ್ಷಗಟ್ಟಲೆ. ಬೀರುವಿನಲ್ಲಿ ಯಂತ್ರವಿಟ್ಟಿರುವ ನನ್ನ ಇಬ್ಬರು ಬಂಧುಗಳು ಈ ವಾಕ್ಯವನ್ನು ಎರಡು ಸಲ ಓದಲಿ ಎಂದು ಕೋರುತ್ತೇನೆ. 1985ರ ಸುಮಾರಿಗೆ ಅಮೆರಿಕದಲ್ಲಿ ಮಾರಾಟದ ಯಂತ್ರಗಳು ಬಂದವು, ಸದ್ದು ಇಳಿಯಿತು, ಮೆತ್ತನೆಯ ಸಿಲಿಕೋನ್ ಅಂಚುಗಳು ಬಂದವು. ಎಲ್ಲವೂ ಸುಗಮವಾಗಿ ನಡೆಯಿತೆಂದಲ್ಲ. ಸದ್ದು ತಗ್ಗಿಸಲು ಯಂತ್ರದೊಳಗಿಟ್ಟ ಸ್ಪಂಜು ಪುಡಿಯಾಗಿ ಉಸಿರಿನಲ್ಲಿ ಸೇರಬಹುದೆಂದು 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಲಕ್ಷಾಂತರ ಯಂತ್ರಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಯಂತ್ರ ಕೊಳ್ಳುವವರು ಮಾದರಿಯನ್ನು ವಿಚಾರಿಸಿ ಕೊಳ್ಳಬೇಕು; ಕೊಂಡ ಮೇಲೆ ಮುಖವಾಡವನ್ನು ದಿನವೂ ತೊಳೆಯಬೇಕು. ರಾತ್ರಿ ಕರೆಂಟು ಹೋಗುವ ಊರುಗಳಲ್ಲಿ ಯುಪಿಎಸ್ ಬೇಕೇ ಬೇಕು.

ಉಬ್ಬಸವೇನೂ ಹಿಂದೆ ಸರಿದಿಲ್ಲ. ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಇಪ್ಪತ್ತು ಸಾವಿರ ಮಕ್ಕಳನ್ನು ಗಮನಿಸಿ ನೀಡಿದ ಅಂಕಿಗಳಂತೆ, 1979ರಲ್ಲಿ ಶೇ. 9ರಷ್ಟಿದ್ದ ಆಸ್ತಮಾ 1999ರಲ್ಲಿ ಶೇ. 29.5ಕ್ಕೇರಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕವಿದು, ಊರಿನ ಲೆಕ್ಕವಲ್ಲ. ಆದರೂ ಅದರ ಏರಿಕೆ ಕಣ್ಣಿಗೆ ರಾಚುತ್ತದೆ. ಆ ಮಕ್ಕಳೀಗ ನಿಮ್ಮದೇ ವಯಸ್ಸಿನವರು, ಹಲವರು ನೀವೇ.

ಕಳೆದ ಬೇಸಿಗೆಯಲ್ಲಿ ಮದುವೆಯೊಂದರ ಛತ್ರದಲ್ಲಿ, ಏಳೆಂಟು ಮಂದಿ ಒಟ್ಟಿಗೆ ಮಲಗುವ ಕೋಣೆಯಲ್ಲಿ ನಾನು ಯಂತ್ರವನ್ನು ಹೊರತೆಗೆದೆ. ಆರು ವರ್ಷದ ಮೊಮ್ಮಗುವೊಂದು ಹತ್ತಿರ ಬಂದು, "ತಾತ, ನೀವು ರಾತ್ರಿ ಹೊತ್ತು ವಿಮಾನ ಓಡಿಸ್ತೀರಾ?" ಎಂದು ಕೇಳಿತು. "ಇಲ್ಲಮ್ಮಾ, ಇದು ಕಸ ಗುಡಿಸೋ ಯಂತ್ರದ ಮೊಮ್ಮಗ" ಎಂದೆ. ಅದು ಖಂಡಿತ ನಂಬಲಿಲ್ಲ. ಮುಖವಾಡವನ್ನು ಅದರ ಕೆನ್ನೆಯ ಬಳಿ ಹಿಡಿದು ಗಾಳಿ ಬಿಟ್ಟೆ. ಮುಂಗುರುಳು ಹಾರಿತು, ಕಿಲಕಿಲನೆ ನಕ್ಕಿತು. ಸ್ವಲ್ಪ ಹೊತ್ತಿಗೆ ನೋಡಿದರೆ ಇನ್ನೂ ನಾಲ್ಕು ಮಕ್ಕಳು ಸಾಲಾಗಿ ನಿಂತಿದ್ದವು.